ಸಂಬಂಧದ ಒಗಟು ಕೇಳುವ ಮುನ್ನ

ಮೊಬೈಲಿಗೆ ಬಂದ ಒಗಟನ್ನು ನೀವೇ ಒಮ್ಮೆ ಬಿಡಿಸಿ ನೋಡದೆ ಬಳಗದವರ ವಾಟ್ಸಾಪ್ ಗುಂಪಿಗೆ ದೂಡಿಬಿಡುತ್ತೀರಲ್ಲ, ಆ ಅಭ್ಯಾಸ ಮೊದಲು ಬಿಡಿ. ಎರಡು ನಿಮಿಷ ಕಾಯದೆ ಉತ್ತರವನ್ನೂ ನೀವೇ ಹಾಕುತ್ತೀರಿ. ಆತುರಗಾರನಿಗೆ ಬುದ್ಧಿ ಮಟ್ಟ. ಹಿಂದೆ ನಮ್ಮ ಹಳ್ಳಿಗಳಲ್ಲಿ ಒಗಟು ಒಡೆಯಲಾರದವರು ಒಂದು ಊರು ಕೊಡಬೇಕಿತ್ತು. ಶಿಕಾರಿಪುರ, ಸೊರಬದ ಕಡೆಯವರು ಕೂತರೆ 'ಆನವಟ್ಟಿ ಕೊಟ್ಟೆ', 'ಅದು ಬೇಡ, ಶಿರಾಳಕೊಪ್ಪ ಕೊಡು' ಎಂದು ಚೌಕಾಸಿ ಮಾಡಬಹುದಲ್ಲ! ಊರು ಕೈಗೆ ಬಂದ ಮೇಲೆಯೇ ಉತ್ತರ. ಆ ಕಾಯುವ ಹೊತ್ತಿನಲ್ಲೇ ಮಕ್ಕಳ ತಲೆ ಓಡುವುದು.

ಒಂದು ಹಳೆಯ ಒಗಟು ತೆಗೆದುಕೊಳ್ಳಿ. ದಾರಿಯಲ್ಲಿ ಒಬ್ಬ ಹೆಂಗಸು, ಒಬ್ಬ ಗಂಡಸು ಹೋಗುತ್ತಿದ್ದಾರೆ. 'ಇವರು ನಿಮಗೇನಾಗಬೇಕು?' ಎಂದು ಯಾರೋ ಕೇಳುತ್ತಾರೆ. ಆಕೆ, 'ಇವರ ಅತ್ತೆ, ನನ್ನ ಅತ್ತೆ ತಾಯಿ ಮಗಳು' ಎನ್ನುತ್ತಾಳೆ. ಮಾವ ಸೊಸೆ ಎಂಬುದು ಸರಿಯಾದ ಉತ್ತರ: ಆತನ ಹೆಂಡತಿಯ ತಾಯಿ, ಈಕೆಯ ಅತ್ತೆಗೂ ತಾಯಿ. ಆದರೆ ಮಗು ಬೇರೆ ಉತ್ತರ ಕೊಟ್ಟರೆ 'ತಪ್ಪು' ಎಂದು ಬಾಯಿ ಮುಚ್ಚಿಸಬೇಡಿ. ಈಕೆಯ ಅತ್ತೆ ತಾಯಿ, ಆತನ ಅತ್ತೆ ಮಗಳು ಎಂದು ತಿರುಗಿಸಿ ನೋಡಿ. ಆತ ಈಕೆಯ ನಾದಿನಿಯ ಅಳಿಯನಾಗುತ್ತಾನೆ. ಇದೂ ಸರಿಯೇ. ಮೇಲಾಗಿ ಅಪ್ಪನ ಅಕ್ಕ ತಂಗಿಯರೂ ನಮಗೆ ಅತ್ತೆಯರೇ. ಆದ್ದರಿಂದ ಮಗು 'ಯಾವ ಅತ್ತೆ?' ಎಂದು ಕೇಳಿದರೆ ಗದರದೆ, 'ಹೆಂಡತಿಯ ತಾಯಿ, ಗಂಡನ ತಾಯಿ' ಎಂದು ಬಿಡಿಸಿ ಹೇಳಿ. ಒಳ್ಳೆಯ ಪ್ರಶ್ನೆ ಕೇಳಿದ ಮಗುವಿಗೆ ಅರ್ಧ ಊರು ಬಿಟ್ಟುಕೊಟ್ಟರೂ ನಷ್ಟವಿಲ್ಲ.

ಇಂಗ್ಲಿಷಿನ ಒಗಟನ್ನು ಹಾಗೇ ತಿರುಗಿಸಿ 'ಅಂಕಲ್' ಎಂದು ಹಾಕಬೇಡಿ. ಚಿಕ್ಕಪ್ಪನೋ, ದೊಡ್ಡಪ್ಪನೋ, ಸೋದರಮಾವನೋ? ನಮ್ಮಲ್ಲಿ ಒಂದೊಂದಕ್ಕೂ ಬೇರೆ ಮಾತಿದೆ, ಒಗಟಿನ ಗಂಟೂ ಅಲ್ಲೇ ಇದೆ. ಅಪಘಾತದಲ್ಲಿ ತಂದೆ ತೀರಿಕೊಂಡ, ಗಾಯಗೊಂಡ ಹುಡುಗನನ್ನು ನೋಡಿ ಡಾಕ್ಟರು 'ಇವನು ನನ್ನ ಮಗ' ಎಂದರು ಎಂಬ ಒಗಟಿನಲ್ಲಿ ಡಾಕ್ಟರು ಹುಡುಗನ ತಾಯಿ. 'ಎಂದರು' ಎಂದೇ ಹೇಳಬೇಕು. 'ಎಂದಳು' ಎಂದರೆ ಗುಟ್ಟು ರಟ್ಟು, 'ಎಂದ' ಎಂದರೆ ಸುಳ್ಳು. ಬಾಯಲ್ಲಿ ಒಮ್ಮೆ ಹೇಳಿಕೊಂಡು ನೋಡಿ, ಆಮೇಲೆ ಕಳಿಸಿ.

'ನನ್ನ ಗಂಡನ ತಾಯಿ ನನ್ನ ತಾಯಿಗೂ ತಾಯಿ' ಎಂದರೆ ಹಳ್ಳಿಯ ಹಿರಿಯ ಹೆಂಗಸರು ಥಟ್ಟನೆ ಸೋದರಮಾವನ ಹೆಸರು ಹೇಳುತ್ತಾರೆ, ಪಟ್ಟಣದ ಮಕ್ಕಳು ತಡಕಾಡುತ್ತಾರೆ. ಒಗಟು ಉಳಿಯಲಿ, ಆ ಮದುವೆ ಮಾತ್ರ ಬೇಡ. ರಕ್ತ ಹತ್ತಿರವಾದಷ್ಟೂ ಹುಟ್ಟುವ ಮಕ್ಕಳಿಗೆ ವಂಶದ ಕಾಯಿಲೆಗಳ ಅಪಾಯ ಹೆಚ್ಚು.

ಇನ್ನೊಂದು ಮಾತು, ಕಿವಿಗೊಟ್ಟು ಕೇಳಿ. ಮದುವೆಮನೆಯ ಜಗಲಿಯಲ್ಲಿ ಕೂತು ಎದುರಿಗಿರುವವರ ಸಂಬಂಧವನ್ನೇ ಒಗಟು ಮಾಡಬೇಡಿ. ಎರಡನೆಯ ಹೆಂಡತಿ, ದತ್ತು ಮಗು, ಬಿಟ್ಟುಹೋದ ಗಂಡ, ಇವೆಲ್ಲ ಯಾರದೋ ಎದೆಯ ನೋವು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಹೆಸರಿಲ್ಲದ ಅಣ್ಣ ತಂಗಿಯರನ್ನೇ ಒಗಟಿಗೆ ಹಿಡಿಯಿರಿ.

ಹೆಸರು ಬೇಕೇ ಬೇಕೆಂದರೆ ಮಕ್ಕಳನ್ನು ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಕರೆದುಕೊಂಡು ಹೋಗಿ. ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ ಕವಿ ಕುಬ್ಜ ರಚಿಸಿದ 5ನೇ ಶತಮಾನದ ಸಂಸ್ಕೃತ ಶಾಸನವಿದೆ, ಕದಂಬರ ವಂಶಾವಳಿ ಅದರಲ್ಲಿದೆ. ಮಯೂರಶರ್ಮನ ಮಗ ಕಂಗವರ್ಮ, ಅವನ ಮಗ ಭಗೀರಥ. ಭಗೀರಥನ ಮಕ್ಕಳು ರಘು ಮತ್ತು ಕಾಕುಸ್ಥವರ್ಮ. ಕಾಕುಸ್ಥವರ್ಮನ ಮಗ ಶಾಂತಿವರ್ಮ. ಈ ರಘು ಅಣ್ಣ, ಕಾಕುಸ್ಥವರ್ಮ ತಮ್ಮ. ಹಾಗಾದರೆ ಶಾಂತಿವರ್ಮನಿಗೆ ರಘು ಏನಾಗಬೇಕು? ದೊಡ್ಡಪ್ಪ ಎಂದು ಮಕ್ಕಳೇ ಹೇಳುತ್ತಾರೆ. ಮಯೂರಶರ್ಮ ಏನಾಗಬೇಕು ಎಂಬುದನ್ನು ನೀವು ಬೆರಳು ಮಡಚಿ ಎಣಿಸಿ. ಬರದಿದ್ದರೆ ನನಗೊಂದು ಊರು ಕೊಡಿ, ಚಂದ್ರಗುತ್ತಿಯಾದರೆ ಒಳ್ಳೆಯದು.