ದೀಪಕ್ಕೆ ಬೈಯುವ ಮುನ್ನ ಫ್ಯಾನ್ ನೋಡಿ

ಮಗ ರಾತ್ರಿ ದೀಪ ಆರಿಸದೆ ಮಲಗಿದನೆಂದು ಬೆಳಗ್ಗೆ ರೇಗುವ ಅಪ್ಪ-ಅಮ್ಮಂದಿರಿಗೆ ಒಂದು ಲೆಕ್ಕ ಹೇಳುತ್ತೇನೆ. 9 ವ್ಯಾಟಿನ ಎಲ್‌ಇಡಿ ಬಲ್ಬು ಹತ್ತು ಗಂಟೆ ಉರಿದರೆ ಖರ್ಚಾಗುವುದು 0.09 ಯೂನಿಟ್. ಹಳೆಯ 60 ವ್ಯಾಟಿನ ಬಲ್ಬಾಗಿದ್ದರೆ 0.6 ಯೂನಿಟ್, ಆ ಕಾಲದಲ್ಲಿ ಬೈಗುಳಕ್ಕೊಂದು ಅರ್ಥವಿತ್ತು. ಆರಿಸುವ ಅಭ್ಯಾಸ ಒಳ್ಳೆಯದೇ, ಕಲಿಸಿ. ಆದರೆ ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಸಂಸಾರ ಹೂಡಿರುವ ನಮ್ಮವರ ಮನೆಯ ಬಿಲ್ ಏರುವುದು ದೀಪದಿಂದಲ್ಲ, ಸೆಕೆ ತಾಳಲಾರದೆ ಓಡಿಸುವ ಯಂತ್ರಗಳಿಂದ.

ಮೊದಲು ಫ್ಯಾನ್. ಸಾಮಾನ್ಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಮೋಟಾರಿನದು 30ರ ಆಸುಪಾಸು. ದಿನಕ್ಕೆ 15 ಗಂಟೆ ತಿರುಗುವ ಮನೆಯಲ್ಲಿ ಒಂದೊಂದು ಫ್ಯಾನಿಗೂ ತಿಂಗಳಿಗೆ 20 ಯೂನಿಟ್ ಉಳಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕಿಲ್ಲ. ಮಕ್ಕಳು ಓದಿ ಮಲಗುವ ಕೋಣೆಯದನ್ನು ಮೊದಲು ಬದಲಿಸಿ.

ಎಸಿ ವಿಷಯಕ್ಕೆ ಬಂದರೆ, 2020ರ ಜನವರಿಯಿಂದ ಹೊಸ ಎಸಿಗಳೆಲ್ಲ 24 ಡಿಗ್ರಿಗೇ ಶುರುವಾಗಬೇಕೆಂಬ ನಿಯಮವಿದೆ. ನಾವು ರಿಮೋಟ್ ಹಿಡಿದು 18ಕ್ಕೆ ಇಳಿಸುತ್ತೇವೆ! ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ಇಂಧನ ದಕ್ಷತಾ ಬ್ಯೂರೊ. 26ಕ್ಕಿಟ್ಟು ಫ್ಯಾನ್ ನಿಧಾನಕ್ಕೆ ಬಿಡಿ, ಮಕ್ಕಳ ನಿದ್ದೆ ಕೆಡುವುದಿಲ್ಲ. ಸ್ಟಾರ್ ಪಟ್ಟಿಯಲ್ಲಿರುವ ವಾರ್ಷಿಕ ಯೂನಿಟ್ 1600 ಗಂಟೆಯ ಲೆಕ್ಕದ್ದು. ರಾತ್ರಿ ಎಂಟು ಗಂಟೆಯಂತೆ ಏಳು ತಿಂಗಳು ಓಡಿಸಿದರೇ ಅಷ್ಟನ್ನು ದಾಟುತ್ತದೆ. ಮಧ್ಯಾಹ್ನವೂ ಹಾಕುವವರು ಆ ಸಂಖ್ಯೆಯನ್ನು ಹಿಗ್ಗಿಸಿಕೊಂಡೇ ಓದಬೇಕು.

ಅಹಮದಾಬಾದಿನವರಿಗೆ ಇನ್ನೊಂದು ದಾರಿಯಿದೆ. ಅಲ್ಲಿ ಏಪ್ರಿಲ್, ಮೇ ಒಣ ಬಿಸಿಲು. ಕಿಟಕಿ ತೆರೆದಿಟ್ಟು ಕೂಲರ್ ಓಡಿಸಿದರೆ ಎಸಿಗಿಂತ ಎಷ್ಟೋ ಕಡಿಮೆ ವಿದ್ಯುತ್ತಿನಲ್ಲಿ ಕೋಣೆ ತಂಪಾಗುತ್ತದೆ. ಸಮುದ್ರಕ್ಕೆ ಹತ್ತಿರದ ಸೂರತ್‌ನಲ್ಲಿ ಗಾಳಿಯಲ್ಲೇ ನೀರಿನಂಶ ಹೆಚ್ಚು, ಕೂಲರಿನ ಆಟ ಅಷ್ಟಾಗಿ ನಡೆಯದು. ವಡೋದರಾದಲ್ಲಿ ಮಳೆಗಾಲ ಶುರುವಾಗುವವರೆಗೆ ಉಪಯೋಗ, ಆಮೇಲೆ ಮೂಲೆಗೆ.

ಮೇಲಿನ ಮಹಡಿಯಲ್ಲಿದ್ದರೆ ತಾರಸಿಗೆ ಸುಣ್ಣವನ್ನೋ ಬಿಳಿ ಬಣ್ಣವನ್ನೋ ಬಳಿಸಿ, ಇಲ್ಲವೇ ಅಲ್ಲಿನ ಮನೆಗಳಲ್ಲಿ ಕಾಣುವ ಬಿಳಿ ಚೈನಾ ಮೊಸಾಯಿಕ್ ಹಾಕಿಸಿ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತ ಮೇಲೆ ಮಹಾನಗರ ಪಾಲಿಕೆ 2013ರಲ್ಲಿ ಶಾಖ ಎದುರಿಸುವ ಯೋಜನೆ ತಂದಿತು. ಮುಂದೆ ಬಡವರ ಮನೆಗಳ ಸೂರಿಗೆ ಬಿಳಿ ಬಳಿಯುವುದೂ ಅದಕ್ಕೆ ಸೇರಿತು. ಆದ್ದರಿಂದ ಎಳೆಗೂಸು, ವಯಸ್ಸಾದವರು ಇರುವ ಮನೆಯಲ್ಲಿ ಮೇ ಮಧ್ಯಾಹ್ನ ಫ್ಯಾನ್, ಎಸಿ ಆರಿಸಿ ದುಡ್ಡು ಉಳಿಸಲು ಹೋಗಲೇಬೇಡಿ.

ವರ್ಗವಾಗಿ ಬಂದವರು ಹಳೆಯ ಎಸಿ, ಫ್ರಿಜ್ ಕೊಳ್ಳುವುದುಂಟು. ನಕ್ಷತ್ರ ಎಣಿಸುವ ಮೊದಲು ಪಟ್ಟಿಯ ಮೇಲಿನ ಇಸವಿ ನೋಡಿ. ಮಾನದಂಡ ಆಗಾಗ ಬಿಗಿಯಾಗುತ್ತದೆ, ಹತ್ತು ವರ್ಷದ ಹಿಂದಿನ ಐದು ನಕ್ಷತ್ರ ಇಂದಿನ ಐದಕ್ಕೆ ಸಮವಲ್ಲ.