ಮಂಗಟ್ಟೆಗೆ ಯಾವ ಕ್ಯಾಮೆರಾ?

ಪ್ರಶ್ನೆ: ದಾಂಡೇಲಿ, ಜೋಯಿಡಾ ಕಡೆ ಹಕ್ಕಿ ಫೋಟೊ ತೆಗೆಯುವ ಆಸೆ. ಭಾರಿ ಜೂಮ್ ಇರುವ ಕ್ಯಾಮೆರಾ ಕೊಳ್ಳಲೇ?
– ಓದುಗ, ಹಳಿಯಾಳ

ಉತ್ತರ: ಎಲ್ಲಿ ಹೆಚ್ಚು ಸುತ್ತುತ್ತೀರಿ ಎಂಬುದರ ಮೇಲಿದೆ. ಮುಂಡಗೋಡದ ಅತ್ತಿವೇರಿ ಜಲಾಶಯ, ದಾಂಡೇಲಿಯ ಟಿಂಬರ್ ಡಿಪೊದಂಥ ತೆರೆದ ಜಾಗವಾದರೆ ನಿಕಾನ್ ಪಿ950 ಸಾಕು. 83 ಪಟ್ಟು ಜೂಮ್, ಲೆನ್ಸ್ ಬದಲಿಸುವ ರಗಳೆಯೂ ಇಲ್ಲ. ಆದರೆ ಅದರ ಸೆನ್ಸರ್ ಅಗಲ ಸುಮಾರು 6 ಮಿ.ಮೀ. ಮಾತ್ರ. ಜೋಯಿಡಾದ ದಟ್ಟ ಕಾಡಿನಲ್ಲಿ, ಮೋಡ ಕವಿದ ಬೆಳಗಿನಲ್ಲಿ ಚಿತ್ರವೆಲ್ಲ ಮರಳು ಮರಳು. ಅಲ್ಲಿಗೆ 23 ಮಿ.ಮೀ. ಆಸುಪಾಸಿನ ಎಪಿಎಸ್-ಸಿ ಸೆನ್ಸರ್ ಬೇಕು. ಹೊಸ ಮಿರರ್‌ಲೆಸ್ ದುಬಾರಿಯೆನಿಸಿದರೆ ಹಳೆಯ ಡಿಎಸ್‌ಎಲ್‌ಆರ್ ಜೊತೆ 70–300 ಲೆನ್ಸ್ ಸೆಕೆಂಡ್ ಹ್ಯಾಂಡ್ ನೋಡಿ. ನಾನಾದರೆ ಇದನ್ನೇ ಆರಿಸುತ್ತೇನೆ. ಕೊಳ್ಳುವ ಮುನ್ನ ಲೆನ್ಸಿನೊಳಗೆ ಟಾರ್ಚ್ ಬಿಟ್ಟು ನೋಡಿ. ನಮ್ಮ ಮಳೆಗಾಲಕ್ಕೆ ಬೂಷ್ಟು ಹಿಡಿದಿರುವುದೇ ಹೆಚ್ಚು. ಮನೆಯಲ್ಲಿ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಇರಲಿ.

ಇನ್ನೊಂದು, ಮರಿ ಮಾಡುವ ಕಾಲದಲ್ಲಿ ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ಬಾಗಿಲು ಮುಚ್ಚಿಕೊಂಡು ಕೂತಿರುತ್ತದೆ, ಊಟ ತರುವ ಕೆಲಸವೆಲ್ಲ ಗಂಡಿನದೇ. ಜೂಮ್ ಸಾಲದೆಂದು ಗೂಡಿನ ಮರದಡಿ ಹೋಗಿ ನಿಂತರೆ ಗಂಡು ಹತ್ತಿರ ಸುಳಿಯಲು ಹೆದರುತ್ತದೆ. ದೂರವೇ ನಿಲ್ಲಿ, ಚಿತ್ರ ಸಣ್ಣದಾದರೂ ಅಡ್ಡಿಯಿಲ್ಲ.