ಅಟ್ಟದ ಇರುವೆಯೂ ಗೆದ್ದಲೂ

ಗುಬ್ಬಿ ಕುಣಿಗಲು ಸೀಮೆಯ ತೆಂಗಿನ ಹಿಡುವಳಿದಾರರು ಉಂಡೆ ಕೊಬ್ಬರಿಗಾಗಿ ಕಾಯಿಗಳನ್ನು ಹಲವು ತಿಂಗಳು ಅಟ್ಟದ ಮೇಲೆ ಇಡುವರು. ಅಲ್ಲಿ ಹುಳುಗಳ ಸಾಲು ಕಂಡಾಗ, ಔಷಧಿ ಹಾಕುವುದಕ್ಕೆ ಮುಂಚೆ ಅದು ಇರುವೆಯೋ ಗೆದ್ದಲೋ ಎಂಬುದನ್ನು ನಿಶ್ಚಯಿಸಿಕೊಳ್ಳತಕ್ಕದ್ದು. ಇರುವೆಯ ನಡು ಸಣ್ಣದು, ಮೀಸೆ ಮೊಣಕೈಯಂತೆ ಬಾಗಿರುವುದು. ಅದು ಬಯಲಿನಲ್ಲಿಯೇ ನಡೆಯುವುದು. ಗೆದ್ದಲಿನ ನಡು ದಪ್ಪ. ಅದು ಮಣ್ಣಿನ ಕೊಳವೆ ಕಟ್ಟಿಕೊಂಡು ಅದರೊಳಗೆ ಸಂಚರಿಸಿ ತೊಲೆ ಜಂತೆಗಳನ್ನು ತಿನ್ನುವುದು. ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ಈಚಲುಹುಳುಗಳು ಗೆದ್ದಲಿನ ಜಾತಿಯವಾದರೆ ಅವುಗಳ ನಾಲ್ಕು ರೆಕ್ಕೆಗಳೂ ಒಂದೇ ಅಳತೆಯವಾಗಿರುವುವು.

ಕಣ್ಣಿಗೆ ಕಾಣುವ ಇರುವೆಗಳನ್ನು ಕೊಂದರೆ ಫಲ ಅಲ್ಪ. ಮೊಟ್ಟೆಯಿಡುವ ರಾಣಿ ಗೂಡಿನಲ್ಲಿಯೇ ಉಳಿಯುವುದು. 100 ಭಾಗ ಬೆಲ್ಲದ ಪಾಕಕ್ಕೆ 1 ಭಾಗ ಬಿಳಿಗಾರ ಬೆರೆಸಿ, ಹತ್ತಿಯಲ್ಲಿ ನೆನೆಸಿ ಸಾಲಿನ ಬಳಿ ಇಟ್ಟರೆ ಆಳಿರುವೆಗಳು ಅದನ್ನು ಗೂಡಿಗೆ ಒಯ್ದು ರಾಣಿಗೂ ಉಣಿಸುವುವು. ಬಿಳಿಗಾರ ಹೆಚ್ಚಾದರೆ ಅವು ದಾರಿಯಲ್ಲಿಯೇ ಸತ್ತು ಕಾರ್ಯ ಕೆಡುವುದು. ಮೊದಲ ಕೆಲವು ದಿನ ಸಾಲು ಬೆಳೆದಂತೆ ಕಂಡರೂ ಕದಲಿಸಕೂಡದು. ಮಕ್ಕಳಿಗೂ ದನಕರುಗಳಿಗೂ ಎಟುಕದಂತೆ ಇಡಬೇಕು. ತುಮಕೂರು ಪೇಟೆಯ ಅಡಿಗೆಮನೆಗಳಿಗೂ ಈ ಉಪಾಯವೇ ಸಲ್ಲುವುದು. 1997ರಲ್ಲಿ ನಿಷೇಧಿಸಲ್ಪಟ್ಟ ಬಿ.ಎಚ್.ಸಿ. ಪುಡಿಯ ಹಳೆಯ ಪೊಟ್ಟಣವೇನಾದರೂ ಮನೆಯಲ್ಲಿ ಉಳಿದಿದ್ದರೆ, ಅದನ್ನು ಕಾಯಿ ಧಾನ್ಯಗಳ ಹತ್ತಿರ ತರಲೇಕೂಡದು.

ಗೆದ್ದಲಿಗೆ ಈ ಪಾಕ ನಿಷ್ಪ್ರಯೋಜಕ. ಕೊಳವೆ ಕೆರೆದು, ಗೋಡೆಯ ತೇವ ಹೋಗಲಾಡಿಸಿ, ಬುಡದ ಮಣ್ಣಿಗೆ ಔಷಧಿ ಹಾಕುವ ಕೆಲಸವನ್ನು ತಿಳಿದವರಿಂದಲೇ ಮಾಡಿಸತಕ್ಕದ್ದು.